ಸರ್ಕಾರದ ಸೂಜಿಗೆ ಸೋದರಮಾವ

ಸಿಂಗಟಗೆರೆಯ ತಮ್ಮಯ್ಯನ ಹಣೆಬರಹ ಅವನ ಹೆಸರಿನಲ್ಲೇ ಇತ್ತು. ನಾಲ್ಕು ಹೆಣ್ಣಾದ ಮೇಲೆ ಹುಟ್ಟಿದ ಗಂಡು. ಅಕ್ಕಂದಿರು ತಮ್ಮಾ ತಮ್ಮಾ ಎಂದು ಕಂಕುಳಲ್ಲಿ ಹೊತ್ತು ತಿರುಗಿದ್ದೇ ಹೆಸರಾಗಿ ನಿಂತಿತು. ತೊಟ್ಟಿಲಲ್ಲಿ ಇಟ್ಟ ಹೆಸರು ಹೆತ್ತ ತಾಯಿಗೂ ಮರೆತುಹೋಯಿತು. ಮೀಸೆ ಬಂದ ಮೇಲೆ ಊರ ಹೆಂಗಸರು ಮರ್ಯಾದೆಗೆ ಒಂದು ಅಣ್ಣ ಸೇರಿಸಿ ತಮ್ಮಯ್ಯಣ್ಣ ಎಂದರು. ತಮ್ಮನೂ ಅಣ್ಣನೂ ಒಂದೇ ಹೆಸರಿನಲ್ಲಿ ಬಂದು ಕೂತ ಮೇಲೆ ಆ ಗಂಡಸು ಹೆಂಗಸರ ಪಾಲಿಗೆ ಬೇರೆ ಏನಾದಾನು? ಊರ ಮಕ್ಕಳಿಗೆಲ್ಲ ಸೋದರಮಾವನಾದ.

ಬಾಯಿಮಾತಿನ ಮಾವನಲ್ಲ. ಆ ಸೀಮೆಯಲ್ಲಿ ಕೂಸು ಹುಟ್ಟಿದ ಹನ್ನೆರಡನೆಯ ದಿನವೋ ಅದರ ಆಚೀಚೆಯೋ ಕಿವಿ ಚುಚ್ಚುತ್ತಾರೆ. ಚುಚ್ಚುವವನು ಅಕ್ಕಸಾಲಿ; ತೊಡೆಯ ಮೇಲೆ ಹಿಡಿದುಕೊಳ್ಳುವವನು ತಾಯಿಯ ಒಡಹುಟ್ಟಿದವನು. ಒಡಹುಟ್ಟಿದವರಿಲ್ಲದ ಹೆಣ್ಣುಮಗಳು ಬೇರೆ ಯಾರನ್ನಾದರೂ ಕರೆದು ಕೂರಿಸಬಹುದು, ಅದಕ್ಕೇನೂ ಅಡ್ಡಿಯಿಲ್ಲ. ಆದರೆ ಕೂತವನು ಏಳುವಾಗ ಹೊರಗಿನವನಾಗಿ ಏಳುವುದಿಲ್ಲ. ಅವತ್ತಿನಿಂದ ಅವನು ಅವಳಿಗೆ ಅಣ್ಣ, ಅವನ ಮನೆ ಅವಳಿಗೆ ತವರು. ಹಬ್ಬಕ್ಕೆ ಸೀರೆ ಕೊಡಬೇಕು, ಗಂಡ ಹೊಡೆದರೆ ಕೇಳಲು ಬರಬೇಕು, ಸತ್ತರೆ ಹೆಗಲು ಕೊಡಬೇಕು. ಈ ಗಂಟು ಹಾಕುವುದಕ್ಕೆ ಒಂದು ಗಳಿಗೆ ಸಾಕು. ಬಿಚ್ಚುವ ಅಧಿಕಾರ ಯಾವ ಪಂಚಾಯಿತಿಗೂ ಇಲ್ಲ.

ಊರಲ್ಲಿ ಗಂಡಸರಿಗೆ ಬರವಿರಲಿಲ್ಲ. ಆದರೂ ಎಲ್ಲರೂ ತಮ್ಮಯ್ಯನನ್ನೇ ಹುಡುಕಿಕೊಂಡು ಬರುವುದಕ್ಕೆ ಕಾರಣವಿತ್ತು. ಅವನ ತೊಡೆಯ ಮೇಲೆ ಕೂಸು ಅಳುತ್ತಿರಲಿಲ್ಲ.

ಅದು ಅವನಿಗೆ ಬಂದದ್ದು ಒಂದು ಸಾವಿನಿಂದ. ದೊಡ್ಡಕ್ಕನ ಚೊಚ್ಚಲು ಹೆಣ್ಣುಕೂಸಿಗೆ ಕಿವಿ ಚುಚ್ಚಿಸುವ ದಿನ ಅವಳ ಅತ್ತೆ, ಅತ್ತು ಅತ್ತು ಕೂಸಿಗೆ ಸೆಳವು ಬಂದೀತೆಂದು ಹೆದರಿ, ಸಾಸಿವೆ ಕಾಳಿನಷ್ಟು ಅಫೀಮನ್ನು ಎದೆಹಾಲಿನಲ್ಲಿ ತೇದು ನೆಕ್ಕಿಸಿದಳು. ಅದೇನೂ ಕೇಡಿನ ಕೆಲಸವಲ್ಲ, ಆಗ ಮನೆಮನೆಯ ರೂಢಿ. ಆದರೆ ಸಾಸಿವೆಯಲ್ಲೂ ಸಣ್ಣದು ದೊಡ್ಡದು ಇರುತ್ತದಲ್ಲ. ಸೂಜಿ ಇಳಿದದ್ದು ಕೂಸಿಗೆ ತಿಳಿಯಲಿಲ್ಲ. ಹೊತ್ತು ಮುಳುಗಿದ್ದೂ ತಿಳಿಯಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡಿದ್ದವನು ತಮ್ಮಯ್ಯ, ಮೀಸೆ ಚಿಗುರುತ್ತಿದ್ದ ವಯಸ್ಸು. ಕೂಸು ತಣ್ಣಗಾಗುತ್ತಿರುವುದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ಅವನ ತೊಡೆಗೆ. ಆಮೇಲೆ ವರ್ಷಗಟ್ಟಲೆ ಅವನಿಗೆ ಆ ಜಾಗದಲ್ಲಿ ತಣ್ಣಗೆ ಮುಟ್ಟಿದ ಹಾಗಾಗಿ ಎಚ್ಚರವಾಗುತ್ತಿತ್ತು.

ಎರಡನೆಯ ಅಕ್ಕನ ಕೂಸಿನ ಹೊತ್ತಿಗೆ ಅವನ ತಾಯಿ, ಆ ಕರೀ ಗುಳಿಗೆ ನನ್ನ ಹೊಸ್ತಿಲು ದಾಟಕೂಡದು ಎಂದು ಹಟ ಹಿಡಿದು ಕೂತಳು. ಅತ್ತರೆ ಅಳಲಿ, ಅತ್ತು ಸತ್ತ ಕೂಸನ್ನು ತಾನು ಕಂಡಿಲ್ಲ ಎಂದಳು. ಮಾತು ಸರಿಯೇ. ಆದರೆ ಅಳುವುದನ್ನು ಕೇಳುತ್ತ ಕೂರಬೇಕಾದವನು ತಮ್ಮಯ್ಯ ತಾನೆ? ಆ ಹುಡುಗ ಹೆದರಿಕೆಯಿಂದಲೇ ಒಂದೊಂದನ್ನು ಕಂಡುಕೊಂಡ. ಒಂದು ಕೂಸಿನಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು. ನಾಲ್ವರು ಅಕ್ಕಂದಿರೂ ಬಿಡುವಿಲ್ಲದೆ ಹೆರುತ್ತಿದ್ದುದರಿಂದ ಕಲಿಯುವುದಕ್ಕೆ ಕೊರತೆಯಾಗಲಿಲ್ಲ.

ಅವನ ಕ್ರಮ ಹೀಗಿತ್ತು. ಎಳೆ ಬಿಸಿಲು ಬೀಳುವ ಗೋಡೆಗೆ ಒರಗಿ ಬರೀ ಮೈಯಲ್ಲಿ ಕೂರುವುದು. ಎದೆ ಬೆಚ್ಚಗಾದ ಮೇಲೆ ಕೂಸನ್ನು ಇಸಿದುಕೊಂಡು, ಅದರ ಎರಡೂ ಕೈ ಎದೆಗೆ ಸೇರಿಸಿ, ತಾಯಿ ಉಟ್ಟು ಮೆತ್ತಗಾದ ಹಳೇ ಸೀರೆಯಲ್ಲಿ ಸುತ್ತುವುದು. ಹೊಸ ಬಟ್ಟೆ ಆಗದು, ಒಗೆದ ಬಟ್ಟೆಯೂ ಆಗದು. ತಾಯಿಯ ವಾಸನೆ ಇರಬೇಕು. ಕೆನ್ನೆಯನ್ನು ತನ್ನ ಎದೆಗೆ ಆನಿಸಿಕೊಂಡರೆ ಒಳಗಿನ ಬಡಿತ ಅದಕ್ಕೆ ಕೇಳುತ್ತದೆ. ಬಿಸಿನೀರಿನಲ್ಲಿ ತೊಳೆದ ಕಿರುಬೆರಳನ್ನು ಬೆಲ್ಲದ ನೀರಿನಲ್ಲಿ ಅದ್ದಿ ಬಾಯಿಗೆ ಕೊಡುವುದು. ಆಮೇಲೆ ಕಾಯುವುದು. ಮೊದಲು ಚೀಪಿ ಬಿಡುತ್ತದೆ, ಮತ್ತೆ ಚೀಪುತ್ತದೆ, ಹಾಲು ಬರಲಿಲ್ಲವೆಂದು ಸಿಡುಕುತ್ತದೆ. ಚೀಪುವುದು ಒಂದು ಹದಕ್ಕೆ ಬಂದ ಕ್ಷಣ ತಮ್ಮಯ್ಯ ಕಣ್ಣು ಮುಚ್ಚುತ್ತಿದ್ದ. ಅಕ್ಕಸಾಲಿ ಈರಾಚಾರಿಗೆ ಅದೇ ಸನ್ನೆ. ಸೂಜಿ ಇಳಿಯುತ್ತಿತ್ತು. ಕೂಸು ಹುಬ್ಬು ಗಂಟಿಕ್ಕಿ, ಒಂದು ಉಸಿರು ಎಳೆದು, ಅಳಬೇಕೋ ಚೀಪಬೇಕೋ ಎಂದು ಯೋಚಿಸಿ, ಚೀಪುವುದೇ ವಾಸಿ ಎಂದುಕೊಳ್ಳುತ್ತಿತ್ತು.

ಈ ಕೆಲಸಕ್ಕಾಗಿ ಬಲಗೈಯ ಕಿರುಬೆರಳನ್ನು ಅವನು ಕಾಪಾಡಿಕೊಂಡಷ್ಟು ಯಾವ ಹೆಣ್ಣೂ ಮೂಗುಬೊಟ್ಟನ್ನು ಕಾಪಾಡಿಕೊಂಡಿರಲಾರಳು. ರಾಗಿ ಕೊಯ್ಯುವಾಗ ಅದಕ್ಕೊಂದು ಚಿಂದಿ ಸುತ್ತಿಕೊಳ್ಳುತ್ತಿದ್ದ, ತೆಂಗಿನಕಾಯಿ ಸುಲಿಯುವಾಗ ಮಡಿಸಿ ಹಿಡಿಯುತ್ತಿದ್ದ. ಗಂಡಸರು ನಕ್ಕರೆ ನಗಲಿ ಎಂದು ಬಿಟ್ಟಿದ್ದ.

ಆದರೆ ಊರು ಇದನ್ನು ಬೇರೆಯೇ ಅರ್ಥ ಮಾಡಿಕೊಂಡಿತು. ಕೂಸು ಸುಮ್ಮನಿರುವುದು ಬೆಲ್ಲದ ನೀರಿಗಲ್ಲ, ಎದೆಯ ಬಿಸಿಗಲ್ಲ, ಸೋದರಮಾವನ ನೆಂಟಸ್ತಿಕೆಗೆ ಎಂದು ಹೆಂಗಸರೆಲ್ಲ ತೀರ್ಮಾನಿಸಿದರು. ತಾಯಿಯ ಒಡಹುಟ್ಟಿದವನ ಮೈ ಸೋಕಿದರೆ ಕೂಸು ಬೆಚ್ಚುವುದಿಲ್ಲ, ಹೊರಗಿನವರು ಮುಟ್ಟಿದರೆ ಬೆಚ್ಚುತ್ತದೆ. ತಮ್ಮಯ್ಯ ಮೊದಮೊದಲು, ಹಾಗಲ್ಲ ಕಣ್ರವ್ವ, ಬೆರಳು ತೊಳೆದುಕೊಂಡು ನೀವೂ ಹೀಗೆ ಮಾಡಿ ನೋಡಿ ಎಂದು ಮನೆಮನೆಯಲ್ಲಿ ಹೇಳಿದ. ಅವರು ಕೇಳಿ ತಲೆಯಾಡಿಸಿ, ಮುಂದಿನ ಕೂಸಿಗೆ ಮತ್ತೆ ಅವನನ್ನೇ ಕರೆಯಲು ಬಂದರು. ಹೇಳಿ ಹೇಳಿ ಸಾಕಾಗಿ ಸುಮ್ಮನಾದ.

ಸಾಕಾಗಿದ್ದು ಅದೊಂದೇ ಅಲ್ಲ. ನೇಗಿಲು ಹೂಡಿದ್ದಾಗ ಕರೆ ಬರುತ್ತಿತ್ತು, ಉಣ್ಣಲು ಕೂತಾಗ ಬರುತ್ತಿತ್ತು. ಮೈಯಲ್ಲಿ ಜ್ವರವಿದ್ದ ದಿನವೂ, ಜ್ವರವಿದ್ದರೆ ಎದೆ ಇನ್ನೂ ಬೆಚ್ಚಗಿರುತ್ತದೆ ಬಾ ತಮ್ಮಯ್ಯಣ್ಣ ಎಂದು ಒಬ್ಬಳು ಕರೆದದ್ದುಂಟು. ಹಬ್ಬ ಬಂದರೆ ಅಷ್ಟೂ ತಂಗಿಯರು ತವರಿನ ಕಡೆ ಕತ್ತು ನೀಡುತ್ತಿದ್ದರು. ಕಿರುಬೆರಳು ಸದಾ ನೆನೆದು ನೆನೆದು ಮುದುಕನ ಬೆರಳಿನಂತೆ ಸುಕ್ಕಾಯಿತು. ನಾನೇನು ಊರ ತೊಟ್ಟಿಲೇ ಎಂದು ಈರಾಚಾರಿಯ ಮುಂದೆ ಗೊಣಗುತ್ತಿದ್ದ. ಗೊಣಗಿಕೊಂಡೇ ಏಳುತ್ತಿದ್ದ; ಏಳದಿದ್ದರೆ ಆ ಮನೆಯ ಅಜ್ಜಿ ಸೆರಗಿನ ಗಂಟು ಬಿಚ್ಚಿ ಕರೀ ಗುಳಿಗೆ ತೆಗೆಯುತ್ತಾಳೆ ಎಂಬುದು ಅವನಿಗೆ ಗೊತ್ತಿತ್ತು.

ಅವನಿಗೂ ಒಂದು ಮದುವೆ ಆಗಿತ್ತು. ಅಜ್ಜಂಪುರದ ಕಡೆಯ ಹೆಣ್ಣು, ಮಾತು ಕಡಿಮೆ. ಪ್ಲೇಗಿನ ವರ್ಷ ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ ಅಲ್ಲೇ ಕಣ್ಣು ಮುಚ್ಚಿದಳು. ಮಕ್ಕಳಾಗಿರಲಿಲ್ಲ. ಆಮೇಲೆ ತಾಯಿಯೂ ಹೋದಳು. ಊರ ತುಂಬ ಅಕ್ಕತಂಗಿಯರು, ಮನೆಯಲ್ಲಿ ಒಲೆ ಹಚ್ಚುವವರಿಲ್ಲ. ಸಂಜೆ ಬಂದು ಎತ್ತು ಕಟ್ಟಿ, ತಾನೇ ಮುದ್ದೆ ತಿರುವಿ, ಬಾಗಿಲ ಕಡೆ ಮುಖ ಮಾಡಿ ಉಣ್ಣುತ್ತಿದ್ದ. ನಲವತ್ತು ಹತ್ತಿರವಾಗುತ್ತಿತ್ತು.

ಜರ್ಮನಿಯವರ ಯುದ್ಧ ಮುಗಿಯುವ ವರ್ಷ ದೀಪಾವಳಿಯ ಹೊತ್ತಿಗೆ ಒಂದು ಜ್ವರ ಬಂತು. ಪ್ಲೇಗಿನ ಹಾಗೆ ಗಡ್ಡೆಯಿಲ್ಲ, ಇಲಿ ಬೀಳಲಿಲ್ಲ. ಗಟ್ಟಿಮುಟ್ಟಾದವರೇ ಕೆಮ್ಮಿ ಕೆಮ್ಮಿ ಹೋದರು. ತಮ್ಮಯ್ಯನ ಹೊಲದ ಪಕ್ಕದ ಹೊಲದ ಕೆಂಚಪ್ಪನೂ ಹಾಗೆ ಹೋದ. ಅವನ ಹೆಂಡತಿ ತಿಮ್ಮಕ್ಕ ಆಗ ಬಸುರಿ. ಅವಳಿಗೆ ಹಿಂದಿಲ್ಲ ಮುಂದಿಲ್ಲ. ತಂದೆತಾಯಿಗೆ ಒಬ್ಬಳೇ ಮಗಳು, ಅವರೂ ತೀರಿಕೊಂಡು ತವರೆಂಬುದು ಅಳಿಸಿಹೋಗಿತ್ತು. ಇದ್ದವಳು ಅತ್ತೆ ಹಾಲಮ್ಮ ಒಬ್ಬಳೇ. ಇದ್ದೊಬ್ಬ ಮಗನನ್ನು ಕಳೆದುಕೊಂಡು, ಸೊಸೆಯ ಹೊಟ್ಟೆಯನ್ನೇ ನೋಡುತ್ತ ಕೂತಿದ್ದಳು.

ಆ ವರ್ಷ ತಮ್ಮಯ್ಯ ಎರಡು ಹೊಲವನ್ನೂ ನೋಡಿಕೊಂಡ. ತಿಮ್ಮಕ್ಕ ಮಜ್ಜಿಗೆ ತಂದು ಬದುವಿನ ಮೇಲೆ ಇಟ್ಟು ಹೋಗುತ್ತಿದ್ದಳು. ಇಷ್ಟರಲ್ಲೇ ಹೇಳುವುದಕ್ಕೆ ಏನೂ ಇಲ್ಲ. ಆದರೆ ಊರಿಗೆಲ್ಲ ತಿಮ್ಮಕ್ಕನಾದವಳನ್ನು ತಮ್ಮಯ್ಯ ಒಂದು ದಿನವೂ ಹೆಸರು ಹಿಡಿದು ಕೂಗಲಿಲ್ಲ. ಆ ಹೆಸರಿನ ಬಾಲದಲ್ಲಿದ್ದ ಅಕ್ಕ ಅವನ ಗಂಟಲಲ್ಲಿ ನಿಲ್ಲುತ್ತಿತ್ತು. ಅವಳೂ ಅಷ್ಟೇ, ಊರಿಗೆಲ್ಲ ತಮ್ಮಯ್ಯಣ್ಣನಾದವನನ್ನು ಅವಳು ನೀವು, ನಿಮ್ಮ ಎಂಬುದರಲ್ಲೇ ಮುಗಿಸುತ್ತಿದ್ದಳು. ಬೇರೆಯವರು ಗಮನಿಸಲಿಲ್ಲ. ಅವರಿಬ್ಬರೂ ಗಮನಿಸಿದ್ದರು.

ಗಮನಿಸಿದವಳು ಇನ್ನೊಬ್ಬಳಿದ್ದಳು, ದೊಡ್ಡಕ್ಕ. ಅವರ ಜನದಲ್ಲಿ ಗಂಡ ಸತ್ತವಳನ್ನು ವರ್ಷ ತುಂಬಿದ ಮೇಲೆ ಉಡಿಕೆ ಮಾಡಿಕೊಳ್ಳುವುದುಂಟು. ವಾಲಗವಿಲ್ಲ, ಚಪ್ಪರವಿಲ್ಲ. ಯಜಮಾನರು ನಾಲ್ಕು ಜನ ಬಂದು ಕೂತರೆ ಗಂಡಸು ಒಂದು ಸೀರೆ ಕೊಡುತ್ತಾನೆ, ಅವಳು ಅದನ್ನು ಉಟ್ಟು ಅವನ ಮನೆಗೆ ನಡೆಯುತ್ತಾಳೆ. ದೊಡ್ಡಕ್ಕ ತಮ್ಮನನ್ನು ಕೂರಿಸಿಕೊಂಡು, ಬರುವ ದೀಪಾವಳಿ ಕಳೆಯಲಿ, ಹಾಲಮ್ಮನ ಹತ್ತಿರ ನಾನು ಮಾತಾಡುತ್ತೇನೆ, ಅಲ್ಲಿಯವರೆಗೆ ಬಾಯಿ ಬಿಡಬೇಡ ಎಂದಳು. ಮಾರನೆಯ ದಿನ ತಮ್ಮಯ್ಯ ಮನೆಗೆ ಸುಣ್ಣ ಹಚ್ಚಿದ.

ಶಿವರಾತ್ರಿ ಕಳೆದು ತಿಮ್ಮಕ್ಕನಿಗೆ ಗಂಡುಕೂಸು ಹುಟ್ಟಿತು. ತಿಂಗಳು ತುಂಬುವ ಮೊದಲೇ ಬಂದದ್ದು, ಒಂದು ಬೊಗಸೆಯಷ್ಟು. ಅಪ್ಪನ ಹೆಸರೇ ಇರಲಿ ಎಂದು ಕೆಂಚ ಎಂದರು. ಹನ್ನೆರಡನೆಯ ದಿನಕ್ಕೆ ಮುಂಚೆ ಹಾಲಮ್ಮ ತಾನೇ ತಮ್ಮಯ್ಯನ ಬಾಗಿಲಿಗೆ ಬಂದು, ನನ್ನ ಸೊಸೆಗೆ ತವರಿಲ್ಲ, ನೀನೇ ಕೂತು ಕಿವಿ ಚುಚ್ಚಿಸಿಕೊಡಬೇಕು ಕಣಪ್ಪ ಎಂದಳು. ಪಾಪ, ಅವಳಿಗೆ ಏನೂ ತಿಳಿಯದು. ಒಳ್ಳೆಯದನ್ನೇ ಬಯಸಿ ಬಂದಿದ್ದಳು. ತಮ್ಮಯ್ಯ ನೋಡೋಣ ಎಂದ. ನೋಡುವುದಕ್ಕೆ ಏನಿತ್ತು? ಕೂತರೆ ಅಣ್ಣ, ಕೂರದಿದ್ದರೆ ಗಂಡ.

ಹನ್ನೆರಡನೆಯ ದಿನದ ಬೆಳಿಗ್ಗೆ ಗಾಡಿಗೆ ತೆಂಗಿನಕಾಯಿ ತುಂಬಿ ತರೀಕೆರೆಗೆ ಹೊರಟುಬಿಟ್ಟ. ಕಾಯಿಯನ್ನು ಮುಂದಿನ ವಾರವೂ ಮಾರಬಹುದಿತ್ತು. ಕಾಯಿ ಹಾಕಿ ಬರುವಾಗ ಜವಳಿ ಅಂಗಡಿಯ ಮುಂದೆ ನಿಂತ. ಬದನೆ ಬಣ್ಣದ್ದು, ಕೆಂಪು ಅಂಚಿನದು ಒಂದು ಸೀರೆ ಕಣ್ಣಿಗೆ ಬಿತ್ತು. ಅಂಗಡಿಯವನು ಮನೆಯವರಿಗಾ ಎಂದು ಕೇಳಿದ. ಎಷ್ಟೋ ತಂಗಿಯರಿಗೆ ಸೀರೆ ತೆಗೆದಿದ್ದ ತಮ್ಮಯ್ಯ ಅವತ್ತು ಮೊದಲ ಸಲ ಹೌದು, ಮನೆಯವರಿಗೆ ಎಂದ. ಹೇಳಿದ್ದು ತನ್ನ ಕಿವಿಗೇ ಹಿತವಾಯಿತು. ದಾರಿಯುದ್ದಕ್ಕೂ ಎತ್ತುಗಳಿಗೆ ಚಾವಟಿ ತೋರಿಸಲಿಲ್ಲ.

ಮೂರನೆಯ ದಿನ ಊರಿಗೆ ಬಂದಾಗ ಈರಾಚಾರಿ ಎದುರು ಸಿಕ್ಕಿ ಮುಖ ತಗ್ಗಿಸಿದ. ಕಿವಿ ಚುಚ್ಚಿ ಆಗಿತ್ತು. ಸೋದರಮಾವ ಇಲ್ಲದ ಮೇಲೆ ಕೂಸು ಬೆಚ್ಚುತ್ತದೆಂದು ಹಾಲಮ್ಮ ಗುಳಿಗೆ ತೇದು ನೆಕ್ಕಿಸಿದ್ದಳು. ಕೂಸು ಒಂದು ಹಗಲು ಒಂದು ರಾತ್ರಿ ಕಣ್ಣು ತೆರೆಯಲಿಲ್ಲ. ತಿಮ್ಮಕ್ಕ ಬಾಣಂತಿ ಕೋಣೆಯಲ್ಲಿ ಅದರ ಮೂಗಿನ ಕೆಳಗೆ ಬೆರಳಿಟ್ಟುಕೊಂಡು ಕೂತಿದ್ದಳಂತೆ. ಮಾರನೆಯ ದಿನ ಹೊತ್ತು ಏರಿದ ಮೇಲೆ ಕೂಸು ಒಮ್ಮೆ ಸೀನಿ ಅತ್ತಿತು. ಅಷ್ಟು ಸಣ್ಣ ಅಳುವಿಗೆ ಆ ಮನೆಯಲ್ಲಿ ಇಬ್ಬರು ಹೆಂಗಸರು ಎದ್ದು ನಿಂತರು. ತಮ್ಮಯ್ಯ ಸೀರೆಯನ್ನು ಪೆಟ್ಟಿಗೆಯ ತಳಕ್ಕೆ ತಳ್ಳಿ, ಗೋಡೆಗೆ ಒರಗಿ ಕೂತ. ಅವನ ತೊಡೆಯ ಮೇಲೆ ಆ ಹಳೆಯ ತಣ್ಣನೆಯ ಜಾಗ ಮತ್ತೆ ಬಂದು ಕೂತಿತು.

ಯುಗಾದಿಯ ಸುಮಾರಿಗೆ ಅಕ್ಕಪಕ್ಕದ ಹಳ್ಳಿಗಳಲ್ಲಿ ಅಮ್ಮ ಎದ್ದಳು. ಸಿಡುಬನ್ನು ಜನ ಹಾಗೆಯೇ ಅನ್ನುತ್ತಿದ್ದರು. ಕಡೂರಿನಿಂದ ದಾಕು ಹಾಕುವವರು ಬರುತ್ತಾರೆ, ಈ ಸಲ ಎಳೆಗೂಸುಗಳನ್ನೂ ಬಿಡುವಂತಿಲ್ಲ, ಎಲ್ಲರೂ ಚಾವಡಿಗೆ ತರಬೇಕು ಎಂದು ಅಮಲ್ದಾರರ ಹುಕುಂ ಆಯಿತು. ದಾಕು ಎಂದರೆ ತೋಳಿನ ಮೇಲೆ ನಾಲ್ಕು ಕಡೆ ಗೀರಿ ಮದ್ದು ಒರೆಸುವುದು. ದೊಡ್ಡವರೇ ಹಲ್ಲು ಕಚ್ಚುತ್ತಿದ್ದರು.

ಗಂಡ ಸತ್ತು ವರ್ಷ ತುಂಬದ ತಿಮ್ಮಕ್ಕ ಚಾವಡಿ ಹತ್ತುವಂತಿರಲಿಲ್ಲ. ದಾಕಿನವರು ಬರುವ ಹಿಂದಿನ ದಿನ ಸಂಜೆ ಅವಳು ಕೂಸನ್ನು ಹೊದಿಸಿಕೊಂಡು ತಮ್ಮಯ್ಯನ ತೆಂಗಿನ ತೋಟಕ್ಕೆ ಬಂದಳು. ತಮ್ಮಯ್ಯ ಪಾತಿ ಬಿಡಿಸುತ್ತಿದ್ದವನು ಗುದ್ದಲಿ ಕೆಳಗಿಟ್ಟ. ಅವಳು ಸುತ್ತಿ ಬಳಸಿ ಮಾತಾಡುವವಳಲ್ಲ.

“ಕಿವಿ ಚುಚ್ಚೋ ದಿನ ನೀವು ತರೀಕೆರೆಗೆ ಯಾಕೆ ಹೋದ್ರಿ ಅಂತ ನಂಗೊತ್ತು. ನೀವು ಬರ್ದೇ ಇದ್ರೆ ಸಾಕಪ್ಪ ಅಂತ ನಾನೂ ಅಂದ್ಕೊಂಡಿದ್ದೆ. ಅದಕ್ಕೇ ಕೂಸು ಹಂಗಾಗಿದ್ದು.”

ಅವಳೂ ಹಾಗೆ ಅಂದುಕೊಂಡಿದ್ದಳು ಎಂಬ ಒಂದು ಮಾತು ಕೇಳಲು ತಮ್ಮಯ್ಯ ಎಷ್ಟು ದಿನ ಕಾದಿದ್ದ! ಬಂದದ್ದು ಈ ರೀತಿಯಲ್ಲಿ.

“ಅತ್ತೆ ಮತ್ತೆ ಗುಳಿಗೆ ಸೆರಗಿಗೆ ಕಟ್ಕೊಂಡವ್ರೆ,” ಎಂದಳು. “ಈ ಸಲ ಇದು ಏಳಲ್ಲ. ನೀವು ಬನ್ನಿ.”

ತಮ್ಮಯ್ಯ ಕೂಸಿನ ಮುಖ ನೋಡಿದ. ಕಿವಿಯ ಚುಚ್ಚು ಇನ್ನೂ ಒಣಗಿರಲಿಲ್ಲ. ಅವನಿಗೆ ಒಂದು ದಾರಿ ಹೊಳೆಯಿತು, ಅಥವಾ ಹೊಳೆಯಿತೆಂದು ಅಂದುಕೊಂಡ.

“ಬತ್ತೀನಿ. ಅದು ಸರ್ಕಾರದ ಸೂಜಿ, ಈರಾಚಾರಿ ಸೂಜಿ ಅಲ್ಲ. ಅದಕ್ಕೆ ಅಣ್ಣ ತಮ್ಮ ಅನ್ನೋ ಲೆಕ್ಕ ಇಲ್ಲ.”

“ಇಲ್ಲ ಅಲ್ವಾ?”

“ಇಲ್ಲ.”

ಇಬ್ಬರೂ ಅದನ್ನು ನಂಬಿದರು. ನಂಬಬೇಕಾಗಿತ್ತು, ನಂಬಿದರು. ರಾತ್ರಿ ಎದೆಗೆ ಕಟ್ಟಿಕೊಂಡು ಮಲಗಿದ ಬಟ್ಟೆಯನ್ನು ಒಗೆಯದೆ ಹಾಗೇ ಬೆಳಿಗ್ಗೆ ಕೂಸಿಗೆ ಸುತ್ತಿ ಕಳಿಸು, ಒಂದು ಬಟ್ಟಲಲ್ಲಿ ಎದೆಹಾಲು ಹಿಂಡಿ ಕೊಡು, ಬೆಲ್ಲಕ್ಕಿಂತ ಅದೇ ಮೇಲು ಎಂದು ತಮ್ಮಯ್ಯ ಹೇಳಿ ಕಳಿಸಿದ.

ಬೆಳಿಗ್ಗೆ ಚಾವಡಿಯ ಮುಂದೆ ಅರ್ಧ ಊರೇ ಸೇರಿತ್ತು. ದಾಕಿನವರು ಕೆಟ್ಟವರಲ್ಲ, ಊರೂರು ಸುತ್ತಿ ಸೋತ, ಧೂಳು ತುಂಬಿದ ಕೋಟಿನ ಮನುಷ್ಯ. ಕೂಸುಗಳು ಒಂದರ ಹಿಂದೊಂದು ಕಿರುಚುತ್ತಿದ್ದವು. ಪ್ರತಿ ಕಿರುಚಾಟಕ್ಕೂ ಅವರ ಮುಖ ಒಂದಿಷ್ಟು ಸಣ್ಣಗಾಗುತ್ತಿತ್ತು. ತಿಮ್ಮಕ್ಕ ದೂರದ ಬೇವಿನ ಮರದ ಕೆಳಗೆ, ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದಳು. ಹಾಲಮ್ಮ ಕೂಸನ್ನೂ ಹಾಲಿನ ಬಟ್ಟಲನ್ನೂ ತಂದು ತಮ್ಮಯ್ಯನ ಕೈಗೆ ಕೊಟ್ಟು, ಮಗ್ಗುಲಲ್ಲೇ ನಿಂತಳು. ಸೆರಗಿನ ತುದಿ ಅವಳ ಮುಷ್ಟಿಯಲ್ಲಿತ್ತು.

ತಮ್ಮಯ್ಯ ಅಂಗಿ ಬಿಚ್ಚಿ, ಬಿಸಿಲು ಬಿದ್ದಿದ್ದ ಕಂಬಕ್ಕೆ ಒರಗಿ ಕೂತ. ಒಂದು ತೋಳು ಹೊರಗೆ ಬಿಟ್ಟು ಕೂಸನ್ನು ಸುತ್ತಿದ. ಕೆನ್ನೆ ಎದೆಗೆ ತಾಗಿತು. ಕಿರುಬೆರಳನ್ನು ಹಾಲಿನಲ್ಲಿ ಅದ್ದುತ್ತಿದ್ದಾಗ ದಾಕಿನವರು ಕೈಯಲ್ಲಿದ್ದುದನ್ನು ಕೆಳಗಿಟ್ಟು ತಲೆ ಎತ್ತಿದರು. ಹಿಂದೆ ಯಾವುದೋ ಊರಲ್ಲಿ ಯಾರದೋ ಕೂಸನ್ನು ಯಾರೋ ತಂದು ಹಿಡಿದು, ಆಮೇಲೆ ಮನೆಯವರು ಅವರ ಮೇಲೆ ಜಗಳಕ್ಕೆ ಬಂದಿದ್ದರಂತೆ. ಅಂದಿನಿಂದ ಕೇಳದೆ ಅವರು ಯಾವ ಕೂಸನ್ನೂ ಮುಟ್ಟುತ್ತಿರಲಿಲ್ಲ.

“ನೀವು ಮಗುವಿಗೆ ಏನಾಗಬೇಕು?” ಎಂದರು.

ಮಾತು ದೊಡ್ಡದಲ್ಲ. ಆದರೆ ಅರ್ಧ ಊರು ಅದನ್ನು ಕೇಳಿಸಿಕೊಂಡಿತ್ತು. ಹಾಲಮ್ಮ ತಮ್ಮಯ್ಯನ ಬಾಯನ್ನೇ ನೋಡಿದಳು. ಏನೂ ಆಗಬೇಕಿಲ್ಲ ಎಂದರೆ ಅವನು ಹೊರಗಿನವನು. ಹೊರಗಿನವನು ಮುಟ್ಟಿದ ಕೂಸು ಬೆಚ್ಚುತ್ತದೆ. ಬೆಚ್ಚುವ ಕೂಸಿಗೆ ಗುಳಿಗೆ. ಅವಳ ಬೆರಳುಗಳು ಆಗಲೇ ಸೆರಗಿನ ಗಂಟನ್ನು ಬಿಚ್ಚುತ್ತಿದ್ದವು. ಜೊತೆಗೆ, ಏನೂ ಆಗದ ಗಂಡಸೊಬ್ಬ ಗಂಡ ಸತ್ತ ಬಾಣಂತಿಯ ಎದೆಬಟ್ಟೆಯನ್ನು ತನ್ನ ಬರೀ ಎದೆಗೆ ಒತ್ತಿಕೊಂಡು ಊರ ಮುಂದೆ ಕೂತಿದ್ದಾನೆ ಎಂದರೆ, ಆ ಬೇವಿನ ಮರದ ಕೆಳಗೆ ನಿಂತವಳ ಗತಿ ಏನು? ಮುಂದೆ ಆಗಬೇಕಾದವನು ಎಂದು ಹೇಳುವುದಕ್ಕೆ ಕಾಲ ಬಂದಿರಲಿಲ್ಲ. ಕೂಸು ಸುಮ್ಮನಿರಲು ನೆಂಟಸ್ತಿಕೆ ಬೇಕಿಲ್ಲ, ಬೆರಳು ಸಾಕು ಎಂಬುದು ಅಲ್ಲಿದ್ದವರಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಅದನ್ನು ಹಿಂದೆಯೇ ಮನೆಮನೆಯಲ್ಲಿ ಹೇಳಿ ಸೋತಿದ್ದ. ಈ ಒಂದು ಗಳಿಗೆಯಲ್ಲಿ ಯಾರಿಗೆ ಹೇಳಿ ನಂಬಿಸುವುದು?

ಬೇವಿನ ಮರದ ಕಡೆ ನೋಡಬಾರದು ಎಂದುಕೊಂಡ. ನೋಡಲಿಲ್ಲ.

“ಸೋದರಮಾವ,” ಎಂದ.

ಹಾಲಮ್ಮನ ಬೆರಳುಗಳು ನಿಂತವು. ಬಿಚ್ಚಿದ ಗಂಟನ್ನು ಮತ್ತೆ ಬಿಗಿದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕೂಸು ಬೆರಳನ್ನು ಹಿಡಿಯಿತು, ಬಿಟ್ಟಿತು, ತಾಯಿಯ ಹಾಲಿನ ರುಚಿ ಸಿಕ್ಕಿ ಮತ್ತೆ ಹಿಡಿಯಿತು. ತಮ್ಮಯ್ಯನ ಎದೆ ಅವತ್ತು ನೆಟ್ಟಗೆ ಬಡಿಯುತ್ತಿರಲಿಲ್ಲ. ಆದರೂ ಕೂಸಿಗೆ ಅದೇ ಸಾಕಾಯಿತು. ಚೀಪುವುದು ಹದಕ್ಕೆ ಬಂದಾಗ ಅವನು ಕಣ್ಣು ಮುಚ್ಚಿದ. ದಾಕಿನವರಿಗೆ ಆ ಸನ್ನೆ ತಿಳಿಯದು. ಈರಾಚಾರಿ ಗುಂಪಿನಿಂದಲೇ, ಈಗ ಸ್ವಾಮಿ ಎಂದ. ನಾಲ್ಕು ಗೀರು ಬಿದ್ದವು. ಕೂಸು ಪ್ರತಿ ಗೀರಿಗೂ ಹುಬ್ಬು ಗಂಟಿಕ್ಕಿತು, ಒಮ್ಮೆ ಮೂಗಿನಲ್ಲಿ ಕುಯ್ಯೆಂದಿತು, ಚೀಪುವುದನ್ನು ಬಿಡಲಿಲ್ಲ. ದಾಕಿನವರು ಬೆವರು ಒರೆಸಿಕೊಂಡು ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತರು. ಬೆಳಗಿನಿಂದ ಅವರಿಗೆ ಸಿಕ್ಕಿದ ಮೊದಲ ಸದ್ದಿಲ್ಲದ ಗಳಿಗೆ ಅದು.

ತಮ್ಮಯ್ಯ ಕಣ್ಣು ತೆರೆದಾಗ ಬೇವಿನ ಮರದ ಕೆಳಗೆ ಯಾರೂ ಇರಲಿಲ್ಲ.

ದೊಡ್ಡಕ್ಕ ಅವತ್ತು ಸಂಜೆ ಬೆಂಕಿಯಾಗಿ ಬಂದಳು. ಅದು ಸರ್ಕಾರದ ಸೂಜಿ, ಕುಲದ ಕಟ್ಟಳೆಗೆ ಸೇರಿದ್ದಲ್ಲ, ಯಜಮಾನರ ಮುಂದೆ ನಾನು ವಾದ ಮಾಡುತ್ತೇನೆ ಎಂದಳು. ವಾದವನ್ನೂ ಮಾಡಿದಳು. ಯಜಮಾನರು ತಲೆ ಕೆರೆದುಕೊಂಡು, ಇದುವರೆಗೆ ಇಂಥದ್ದು ಬಂದಿಲ್ಲವಲ್ಲ ಎಂದು ಒಂದು ಕ್ಷಣ ಯೋಚಿಸಿದ್ದೂ ಉಂಟು. ಆದರೆ ಅಷ್ಟು ಹೊತ್ತಿಗೆ ಹಾಲಮ್ಮ, ನನ್ನ ಸೊಸೆಗೂ ಒಂದು ತವರಾಯಿತು ಎಂದು ಕಂಡಕಂಡವರ ಮುಂದೆ ಹೇಳಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದಳು. ಮಗ ಸತ್ತ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಸರ್ಕಾರದ ಸೂಜಿಯ ಮಾತು ಅವಳ ಕಿವಿಗೆ ಬಿದ್ದಾಗ ಅವಳಿಗೆ ಅದರ ಒಳಗುಟ್ಟು ತಿಳಿಯಲಿಲ್ಲ; ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು, ಸೂಜಿ ಯಾರದಾದರೇನು, ತೊಡೆ ಯಾರದು ಎಂದು ಕೇಳಿದಳು. ಯಜಮಾನರು ಆ ಮಾತಿನ ಮುಂದೆ ಎದ್ದುಹೋದರು.

“ಬಾಯಲ್ಲಿ ಬೇರೆ ಮಾತೇ ಇರ್ಲಿಲ್ವೇನೋ ನಿಂಗೆ?” ಎಂದು ದೊಡ್ಡಕ್ಕ ಕೇಳಿದಳು.

“ಇರ್ಲಿಲ್ಲ ಕಣಕ್ಕ,” ಎಂದ ತಮ್ಮಯ್ಯ. ಆಮೇಲೆ ಅವಳು ಅವನನ್ನು ಬಯ್ಯಲಿಲ್ಲ. ತನ್ನ ಚೊಚ್ಚಲು ಕೂಸು ಅವನ ತೊಡೆಯ ಮೇಲೆಯೇ ತಣ್ಣಗಾದದ್ದು ಅವಳಿಗೇನೂ ಮರೆತಿರಲಿಲ್ಲ.

ಮಳೆಗಾಲ ಬಂತು, ಹೋಯಿತು. ಎರಡು ಹೊಲವನ್ನೂ ತಮ್ಮಯ್ಯನೇ ಬಿತ್ತಿದ. ಬದುವಿಗೆ ಮಜ್ಜಿಗೆ ಈಗ ಹಾಲಮ್ಮನ ಕೈಯಲ್ಲಿ ಬರುತ್ತಿತ್ತು. ಸೀಮೆಗೆಲ್ಲ ಅಮ್ಮ ಬಂದು ಹೋದಳು. ಕೆಂಚನ ತೋಳಿನ ಮೇಲೆ ನಾಲ್ಕು ಗುರುತು ಎದ್ದು, ಉದುರಿ, ಕಾಸಿನಷ್ಟು ಕಲೆಯಾಗಿ ಉಳಿದವು, ಕೂಸು ಉಳಿಯಿತು. ತಮ್ಮಯ್ಯನಿಗೆ ಬೇರೆ ಬೇರೆ ಮನೆಗಳಿಂದ ಕರೆ ಬರುತ್ತಲೇ ಇತ್ತು. ಮಂಡಿ ನೋಯುತ್ತಿತ್ತು. ಹೋಗುತ್ತಿದ್ದ, ಕೂರುತ್ತಿದ್ದ, ಕಣ್ಣು ಮುಚ್ಚುತ್ತಿದ್ದ. ಈಗೀಗ ಮುಚ್ಚಿದ ಕಣ್ಣು ತೆರೆಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಗುತ್ತಿತ್ತು ಎಂದು ಈರಾಚಾರಿ ಹೇಳುತ್ತಿದ್ದ.

ದೀಪಾವಳಿ ಬಂತು. ಕೆಂಚಪ್ಪ ಸತ್ತು ವರ್ಷ ತುಂಬಿತು. ಹಬ್ಬದ ದಿನ ತಂಗಿಯರ ಮನೆಗಳಿಗೆಲ್ಲ ಹೋಗಿಬಂದು, ಕಡೆಗೆ ತಮ್ಮಯ್ಯ ಪೆಟ್ಟಿಗೆಯ ತಳಕ್ಕೆ ಕೈ ಹಾಕಿ ಬದನೆ ಬಣ್ಣದ ಸೀರೆ ತೆಗೆದ. ತಟ್ಟೆಯಲ್ಲಿ ಎಲೆ ಅಡಿಕೆ, ಎರಡು ತೆಂಗಿನಕಾಯಿ, ಮೇಲೆ ಸೀರೆ ಇಟ್ಟುಕೊಂಡು ತಿಮ್ಮಕ್ಕನ ಮನೆಗೆ ನಡೆದ. ಹಾಲಮ್ಮ ಜಗಲಿಯ ಮೇಲೆ ಕೂಸನ್ನು ಆಡಿಸುತ್ತಿದ್ದಳು. ಕೂಸು ತೆವಳಿಕೊಂಡು ಬಂದು ಅವನ ಕೈ ಹಿಡಿದು, ಕಿರುಬೆರಳನ್ನೇ ಹುಡುಕಿ ಬಾಯಿಗಿಟ್ಟುಕೊಂಡು ಕಚ್ಚಿತು. ಹಲ್ಲು ಬಂದಿತ್ತು. ಚುರುಕೆಂದಿತು, ಆದರೂ ಅವನು ಬೆರಳು ಎಳೆದುಕೊಳ್ಳಲಿಲ್ಲ.

ತಿಮ್ಮಕ್ಕ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ತಮ್ಮಯ್ಯ ತಟ್ಟೆ ಮುಂದೆ ಹಿಡಿದ.

“ತವರಿಂದು. ಉಟ್ಕೋ, ತಿಮ್ಮಕ್ಕ.”

ಹೆಸರು ಅವನ ಬಾಯಿಂದ ಬಂದದ್ದು ಅದೇ ಮೊದಲು. ಅವಳು ಸೀರೆಯನ್ನು ಎತ್ತಿ ಕೈಯಲ್ಲಿ ಹಿಡಿದಳು. ಮಡಿಕೆಯ ಗೆರೆಗಳು ಗಟ್ಟಿಯಾಗಿ ಕೂತಿದ್ದವು, ಪೆಟ್ಟಿಗೆಯ ವಾಸನೆ ಹಿಡಿದಿತ್ತು. ಈ ಹಬ್ಬಕ್ಕೆಂದು ತಂದ ಸೀರೆ ಅಲ್ಲ ಅದು.

“ಯಾವಾಗ ತಂದಿದ್ದು?” ಎಂದು ಕೇಳಿದಳು.

“ತರೀಕೆರೆಗೆ ಹೋದಾಗ.”

ತಿಮ್ಮಕ್ಕ ಸೀರೆಯ ಕೆಂಪು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ಅದನ್ನು ಕಣ್ಣಿಗೊತ್ತಿಕೊಂಡು ತೋಳಿನ ಮೇಲೆ ಹಾಕಿಕೊಂಡಳು.

“ಒಳಗೆ ಬಾ ಅಣ್ಣ,” ಎಂದಳು. “ಎಲೆ ಹಾಕ್ತೀನಿ, ಉಂಡ್ಕೊಂಡು ಹೋಗು.”

ಅಲ್ಲಿಯವರೆಗೂ ಅವಳು ಅವನಿಗೆ ನೀವು ಎನ್ನುತ್ತಿದ್ದಳು. ತಮ್ಮಯ್ಯ ಕೈಕಾಲು ತೊಳೆದುಕೊಂಡು ಹೋಗಿ ಎಲೆಯ ಮುಂದೆ ಕೂತ.